ಸುಣ್ಣದ ಕೆಲಸವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಮೇ 31ರ ವಿಶ್ವ ತಂಬಾಕುರಹಿತ ದಿನದಂದು ಶಾಲೆಗಳ ಗೋಡೆಗಳಿಗೆ ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ಅಂಟಿಸಲಾಗುತ್ತದೆ. ಅವು ಬೇಕು. ಆದರೆ ಬಿಡಬೇಕೆಂದು ನಿರ್ಧರಿಸಿದವರಿಗೂ ಏಕೆ ಬಿಡಲಾಗುವುದಿಲ್ಲ ಎಂಬುದನ್ನು ಅವು ತಿಳಿಸುವುದಿಲ್ಲ. 'ಬೀಡಿ ಸೇದುವುದಿಲ್ಲ, ಬರೀ ಹೊಗೆಸೊಪ್ಪು ಹಾಕುತ್ತೇನೆ' ಎಂದು ಸಮಾಧಾನಪಟ್ಟುಕೊಳ್ಳುವವರಿಗಂತೂ ತಂಬಾಕಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಮಿದುಳಿಗೆ ಹೋಗುವ ದಾರಿಯನ್ನೇ ವಿವರಿಸಬೇಕಾಗಿದೆ.

ಹೊಗೆಯಲ್ಲಿನ ನಿಕೋಟಿನ್ ಶ್ವಾಸಕೋಶದ ಮೂಲಕ ರಕ್ತ ಸೇರಿ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಜಗಿಯುವವರಲ್ಲಿ ಇದು ನಿಧಾನ, ಅಷ್ಟೇ. ಅಂಗೈಯಲ್ಲಿ ಕಡ್ಡಿಪುಡಿಗೆ ಸುಣ್ಣ ಬೆರೆಸಿ, ಹೆಬ್ಬೆರಳಿನಿಂದ ತಿಕ್ಕಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಸುಣ್ಣವು ಬಾಯಿಯ ರಸವನ್ನು ಕ್ಷಾರೀಯಗೊಳಿಸುವುದರಿಂದ ನಿಕೋಟಿನ್ ಕೊಬ್ಬಿನಲ್ಲಿ ಕರಗಬಲ್ಲ ರೂಪಕ್ಕೆ ಬಂದು ಕೆನ್ನೆಯ ಒಳಪೊರೆಯನ್ನು ದಾಟುತ್ತದೆ. ನುಂಗಿದ ನಿಕೋಟಿನ್ ಮೊದಲು ಯಕೃತ್ತಿಗೆ ಹೋಗಿ ಅದರ ಬಹುಪಾಲು ಅಲ್ಲಿಯೇ ಒಡೆದುಹೋಗುತ್ತದೆ. ಕೆನ್ನೆಯಿಂದ ಇಳಿದದ್ದಕ್ಕೆ ಆ ತಪಾಸಣೆಯೂ ಇಲ್ಲ, ಅದು ನೇರವಾಗಿ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ.

ಮಿದುಳಿನ ಸೂಕ್ಷ್ಮ ರಕ್ತನಾಳಗಳ ಜೀವಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡು ಎಷ್ಟೋ ಔಷಧಗಳನ್ನು ತಡೆಯುತ್ತವೆ. (ನೆಗಡಿ, ಅಲರ್ಜಿಯ ಹಳೆಯ ಮಾತ್ರೆಗಳು ಹೊಸವಕ್ಕಿಂತ ಹೆಚ್ಚು ನಿದ್ದೆ ತರುವುದು ಅವು ಈ ತಡೆಯನ್ನು ಸುಲಭವಾಗಿ ದಾಟುವುದರಿಂದಲೇ.) ನಿಕೋಟಿನ್ನಿಗೂ ಇದು ತಡೆಯೇ ಅಲ್ಲ. ಒಳಹೊಕ್ಕ ಅದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೂರಬೇಕಾದ ಗ್ರಾಹಕಗಳಲ್ಲಿ (ನರಕೋಶಗಳ ಮೇಲಿನ ತಾಣಗಳಲ್ಲಿ) ಕುಳಿತು, ಹಿತವೆನಿಸುವಂತೆ ಮಾಡುವ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಚಟ ಬೆಳೆದಂತೆ ಆ ಗ್ರಾಹಕಗಳ ಸಂಖ್ಯೆಯೂ ಹೆಚ್ಚುತ್ತದೆ. ತಂಬಾಕು ಸಿಗದ ದಿನದ ಸಿಡುಕು, ಚಡಪಡಿಕೆಗಳ ಹಿಂದೆ ಈ ಬದಲಾವಣೆಯಿದೆ. ಇದನ್ನು ಮನೋದೌರ್ಬಲ್ಯವೆಂದು ಹೀಯಾಳಿಸುವುದು ಅನ್ಯಾಯ.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದರೂ ಅಂಗಡಿಗಳಲ್ಲಿ ಪಾನ್ ಮಸಾಲಾ ಮತ್ತು ತಂಬಾಕಿನ ಚೀಟಿಗಳು ಬೇರೆಬೇರೆಯಾಗಿ ತೂಗುತ್ತಲೇ ಇವೆ. ಹೀಗಿರುವಾಗ ಬಿಡಲು ಬಯಸುವವರಿಗೆ ನೆರವಾಗುವ ಮಾಹಿತಿಯಾದರೂ ಸರಿಯಾಗಿ ಸಿಗಬೇಕು. ತಂಬಾಕು ಬಿಡಲು ನೆರವಾಗುವ, ಅಗಿಯುವ ನಿಕೋಟಿನ್ ಗಮ್ ಕೊಳ್ಳುವ ಅನೇಕರು ಅದನ್ನು ಎಲೆಅಡಿಕೆಯಂತೆ ಅಗಿದು ರಸ ನುಂಗುತ್ತಾರೆ. ಹೊಟ್ಟೆ ತೊಳಸಿ, ಬಿಕ್ಕಳಿಕೆ ಬಂದು ಎರಡೇ ದಿನಕ್ಕೆ ಕೈಬಿಡುತ್ತಾರೆ. ಸ್ವಲ್ಪ ಅಗಿದು ಕೆನ್ನೆಯ ಬದಿಗಿಟ್ಟುಕೊಳ್ಳಬೇಕು, ಆ ಹೊತ್ತಿನಲ್ಲಿ ಕಾಫಿ, ಹುಳಿ ಪಾನೀಯ ಕುಡಿಯಬಾರದು ಎಂಬುದನ್ನು ಔಷಧ ಅಂಗಡಿಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಕನ್ನಡದಲ್ಲಿ ಬರೆದು ತೂಗುಹಾಕಲು ಆರೋಗ್ಯ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

– ಔಷಧ ವಿಜ್ಞಾನದ ಅಧ್ಯಾಪಕ, ಮೈಸೂರು