ಲೋಟ ಸೋರ್ತಾ ಐತೆ ಮಿಸ್! – ನಮ್ಮೂರ ಶಾಲೆಯ ಮಳೆನೀರಿನ ತೊಟ್ಟಿಗೆ ಒಂದು ಮನವಿ

ಊರಿನ ಹಿರಿಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಕೆಲಸಕ್ಕೆಂದು ಬೆಂಗಳೂರು ಸೇರಿರುವ ನಮ್ಮೂರ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ.

ಹೋದ ತಿಂಗಳು ಮೂರನೇ ತರಗತಿಯ ಮಕ್ಕಳಿಗೆ, ‘ನೀರು ಎಲ್ಲಿಂದ ಬರುತ್ತೆ, ಚಿತ್ರ ಬರೀರಿ’ ಅಂದೆ. ಮುಕ್ಕಾಲು ಪಾಲು ಮಕ್ಕಳು ಬೋರ್‌ವೆಲ್ ಬರೆದರು. ಉಳಿದವರು ಟ್ಯಾಂಕರ್ ಬರೆದರು. ಒಬ್ಬಳು ಮಾತ್ರ ಮೋಡ ಬರೆದಿದ್ದಳು. ಖುಷಿಯಿಂದ ಹತ್ತಿರ ಹೋಗಿ ನೋಡಿದರೆ, ಮೋಡದಿಂದ ಒಂದು ಪೈಪು ಇಳಿದು ಸೀದಾ ಟ್ಯಾಂಕರಿಗೆ ಸೇರಿತ್ತು!

ನಗು ಬಂತು. ಆಮೇಲೆ ಗೋಡೆಯ ಮೇಲಿದ್ದ ಜಲಚಕ್ರದ ಚಾರ್ಟ್ ನೋಡಿದೆ. ಅದರಲ್ಲಿ ಸಮುದ್ರ ಇದೆ, ಹಿಮದ ಬೆಟ್ಟ ಇದೆ, ತುಂಬಿ ಹರಿಯುವ ನದಿ ಇದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಸಮುದ್ರವನ್ನು ಕಣ್ಣಾರೆ ಕಂಡ ಮಗು ಆ ತರಗತಿಯಲ್ಲಿ ಒಂದೂ ಇಲ್ಲ. ಮಕ್ಕಳಿಗೆ ಗೊತ್ತಿರುವ ಕೆರೆ, ಬಾವಿ, ಬೋರ್‌ವೆಲ್ ಚಾರ್ಟಿನಲ್ಲಿಲ್ಲ. ಬಾಯಿಪಾಠ ಮಾಡಿಸಿದರೆ ಆವಿಯಾಗುವಿಕೆ, ಸಾಂದ್ರೀಕರಣ ಅಂತ ಗಿಣಿಯ ಹಾಗೆ ಹೇಳುತ್ತಾರೆ. ಹೇಳಿದ ಮೇಲೂ ಪೈಪು ಟ್ಯಾಂಕರಿಗೇ ಹೋಗುತ್ತೆ!

ಅದಕ್ಕೇ ಚಾರ್ಟ್ ಸುತ್ತಿಟ್ಟು ಅಂಗಳಕ್ಕೆ ಬಂದೆವು. ಮಳೆ ನಿಂತ ಮೇಲೆ ಧ್ವಜಸ್ತಂಭದ ಹತ್ತಿರ ಸಿಮೆಂಟಿನ ಮೇಲೆ ನೀರು ನಿಂತಿತ್ತು. ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಗಂಟೆಗೊಂದು ಗೆರೆ. ಮಧ್ಯಾಹ್ನದ ಹೊತ್ತಿಗೆ ಐದು ಗೆರೆಗಳ ನಡುವೆ ಅಂಗೈಯಗಲದ ನೀರು ಉಳಿದಿತ್ತು. ‘ನಾಯಿ ಕುಡ್ದೈತೆ ಮಿಸ್’ ಅಂದ ಎರಡನೇ ತರಗತಿಯ ಹುಡುಗ. ಸರಿ, ಮುಂದಿನ ಮಳೆಗೆ ಅವನನ್ನೇ ಕಾವಲಿಗೆ ಕೂರಿಸಿದೆವು. ಬಿಸಿಯೂಟದ ತಟ್ಟೆಯನ್ನೂ ಅಲ್ಲಿಗೇ ತಂದುಕೊಂಡು ಕೂತ. ನಾಯಿ ಬರಲಿಲ್ಲ, ನೀರು ಮಾತ್ರ ಹೋಯಿತು. ಸಂಜೆ ಅವನ ಮುಖ ನೋಡಬೇಕಿತ್ತು.

ಇನ್ನೊಂದು ದಿನ ಸ್ಟೀಲ್ ಲೋಟಕ್ಕೆ ಐಸ್ ಹಾಕಿಟ್ಟೆವು. ಸ್ವಲ್ಪ ಹೊತ್ತಿಗೆ ಹೊರಗೆಲ್ಲ ಹನಿ. ‘ಲೋಟ ಸೋರ್ತಾ ಐತೆ ಮಿಸ್!’ ಹಾಗಾದರೆ ನೋಡೋಣ ಅಂತ ಒಳಗಿನ ನೀರಿಗೆ ಕುಂಕುಮ ಕದಡಿದೆವು. ಒಳಗೆ ಕೆಂಪು, ಹೊರಗಿನ ಹನಿ ತಿಳಿ. ಒಬ್ಬೊಬ್ಬರೇ ಬೆರಳಲ್ಲಿ ಒರೆಸಿ, ಬಿಳಿ ಅಂಗಿಗೆ ಹಚ್ಚಿ ನೋಡಿಕೊಂಡರು (ತಾಯಂದಿರ ಕ್ಷಮೆ ಕೇಳುತ್ತೇನೆ). ಅಂಗಿ ಕೆಂಪಾಗಲಿಲ್ಲ. ‘ಹಂಗಾದ್ರೆ ಇದು ಎಲ್ಲಿಂದ ಬಂತು?’ ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿದೆ, ತಣ್ಣಗಿರುವ ಲೋಟ ತಾಕಿದರೆ ಅದು ಹನಿಯಾಗುತ್ತೆ, ಮೇಲೆ ತಣ್ಣನೆಯ ಗಾಳಿಯಲ್ಲಿ ಮೋಡ ಆಗುವುದೂ ಹೀಗೇ ಅಂತ ಆಗ ಹೇಳಿದೆ. ಆ ಪ್ರಶ್ನೆ ಅವರ ಬಾಯಿಂದ ಬರುವ ತನಕ ಹೇಳಿರಲಿಲ್ಲ.

ನಮ್ಮೂರಿನ ಜಲಚಕ್ರ ಯಾವ ಚಾರ್ಟಿನಲ್ಲೂ ಇಲ್ಲದಷ್ಟು ಮಜವಾಗಿದೆ. ಕೊಡಗಿನಲ್ಲಿ ಮಳೆ ಸುರಿದು ಕಾವೇರಿಗೆ ಸೇರುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಆ ನೀರನ್ನು ಮೋಟಾರಿನಲ್ಲಿ ಎತ್ತಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿಯವರು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಣಗೊಂಡು, 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕುಡಿಯುವುದಕ್ಕಲ್ಲ, ಅಂತರ್ಜಲ ಹೆಚ್ಚಲಿ ಅಂತ. ಇದನ್ನು ಹೇಳಿದಾಗ ಐದನೇ ತರಗತಿಯ ಹುಡುಗಿಯೊಬ್ಬಳು, ‘ನಮ್ಮ ಚಿಕ್ಕಪ್ಪ ಬೆಂಗಳೂರಲ್ಲಿ ಸ್ನಾನ ಮಾಡಿದ ನೀರೂ ಬರ್ತದಾ ಮಿಸ್?’ ಅಂತ ಕೇಳಿದಳು. ಬರಬಹುದಮ್ಮ ಅಂದೆ. ಬೆಂಗಳೂರಿನಲ್ಲಿರುವ ನಮ್ಮೂರಿನವರು ದಯವಿಟ್ಟು ಸೋಪು ಕಡಿಮೆ ಹಾಕಿಕೊಳ್ಳಿ.

ಲೋಟ, ಸೀಮೆಸುಣ್ಣದ ಆಟಕ್ಕೆ ದುಡ್ಡು ಬೇಕಿಲ್ಲ. ಆದರೆ ಮಕ್ಕಳು ಈಗ ಮುಂದಿನ ಪ್ರಶ್ನೆಗೆ ಬಂದಿದ್ದಾರೆ. ನಮ್ಮ ಶಾಲೆ ಮೇಲೆ ಬಿದ್ದ ಮಳೆ ಎಲ್ಲಿ ಹೋಗುತ್ತೆ? ಸದ್ಯಕ್ಕೆ ಚಾವಣಿಯಿಂದ ಅಂಗಳಕ್ಕೆ, ಅಂಗಳದಿಂದ ರಸ್ತೆಗೆ ಹೋಗುತ್ತಿದೆ. ನಮ್ಮದು ಹತ್ತು ಚದರದ, ಅಂದರೆ ಸಾವಿರ ಚದರಡಿಯ ಚಾವಣಿ. ಒಂದು ಮಿಲಿಮೀಟರ್ ಮಳೆಯಾದರೆ ಅದರ ಮೇಲೆ 93 ಲೀಟರ್ ಬೀಳುತ್ತದೆ. ಬಿಂದಿಗೆ ಲೆಕ್ಕದಲ್ಲಿ ಆರು. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಅಂದರೆ 65,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ಹದಿಮೂರು. ಸೋರಿದ್ದು, ಆರಿದ್ದು ಕಳೆದರೂ ಹತ್ತು ಟ್ಯಾಂಕರಿಗೆ ಮೋಸವಿಲ್ಲ. ಈ ಲೆಕ್ಕ ಮಾಡಿದ್ದು ನಾನಲ್ಲ, ಐದನೇ ತರಗತಿಯವರು. ನಾನು ತಿದ್ದಿದ್ದು ಒಂದು ಸೊನ್ನೆ ಮಾತ್ರ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ನಾವೇ ಒಂದು ಹಳೇ ಡ್ರಮ್ ಇಟ್ಟು ಚಾವಣಿ ನೀರು ಹಿಡಿದಿದ್ದೆವು. ಸರಿಯಾದ ಮುಚ್ಚಳ ಇರಲಿಲ್ಲ, ಜಾಲರಿ ಇರಲಿಲ್ಲ. ಹದಿನೈದು ದಿನಕ್ಕೆ ಸೊಳ್ಳೆ ಮರಿ ಕುಣಿಯುತ್ತಿದ್ದವು. ಆಶಾ ಕಾರ್ಯಕರ್ತೆ ಬಂದು ಬೈದು, ನಮ್ಮ ಕಣ್ಣೆದುರೇ ಚೆಲ್ಲಿಸಿ ಹೋದರು. ಅವರು ಬೈದದ್ದು ಸರಿಯಾಗಿಯೇ ಇತ್ತು. ಆದ್ದರಿಂದ ಈ ಸಲ ಅರ್ಧಂಬರ್ಧ ಬೇಡ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನ ಆಗಿದೆ.

ಮಾಡಬೇಕಿರುವುದು ಇಷ್ಟು. ಚಾವಣಿಯ ನೀರೆಲ್ಲ ಒಂದೇ ಕಡೆ ಇಳಿಯುವ ಹಾಗೆ ಪೈಪು. ಧೂಳು ತುಂಬಿದ ಮೊದಲ ಮಳೆ ಹೊರಗೆ ಹೋಗಲು ಬೇರೆ ವಾಲ್ವ್. ಜಲ್ಲಿ, ಮರಳು, ಇದ್ದಿಲು ತುಂಬಿದ ಸೋಸುವ ತೊಟ್ಟಿ. ಮುಚ್ಚಳ, ಜಾಲರಿ ಎರಡೂ ಇರುವ 10,000 ಲೀಟರಿನ ಸಂಪು. ಸಂಪು ತುಂಬಿ ಹೆಚ್ಚಾದದ್ದು ಶಾಲೆಯ ಹಿಂದಿನ ಹಾಳು ಬಾವಿಗೆ ಹೋಗಬೇಕು. ಆ ಬಾವಿಯ ಹೂಳು ತೆಗೆದು, ಕಟ್ಟೆ ಎತ್ತರಿಸಿ, ಮೇಲೆ ಕಬ್ಬಿಣದ ಗ್ರಿಲ್ ಹಾಕಿಸಬೇಕು. ಗ್ರಿಲ್ ಆಗದೆ ಮಕ್ಕಳನ್ನು ಬಾವಿಯ ಹತ್ತಿರ ಬಿಡುವುದಿಲ್ಲ. ಮಕ್ಕಳ ಬೇಡಿಕೆ ಎರಡೇ: ಒಂದು ಮಳೆಮಾಪಕ, ಸೋಸುವ ತೊಟ್ಟಿಯ ಒಂದು ಬದಿಗೆ ಗಾಜು. ಕೆಸರು ನೀರು ಪದರ ಪದರವಾಗಿ ತಿಳಿಯಾಗುವುದು ಕಾಣಬೇಕಂತೆ. ಗಾಜು ದುಬಾರಿ ಅಂದ ಮೇಸ್ತ್ರಿಯನ್ನು ಅವರೇ ಒಪ್ಪಿಸಿದ್ದಾರೆ.

ಮೇಸ್ತ್ರಿ ಕೊಟ್ಟ ಅಂದಾಜು ₹2,30,000. ಪೋಷಕರು ಕೊಟ್ಟದ್ದು ಸೇರಿ ₹48,000 ಕೈಯಲ್ಲಿದೆ. ಇನ್ನು ₹1,82,000 ಬೇಕು. ₹100 ಆದರೂ ಸರಿ, ರಸೀದಿ ಕೊಡುತ್ತೇವೆ. ಹಣವನ್ನು ಎಸ್‌ಡಿಎಂಸಿ ಖಾತೆಗೇ ಹಾಕಿ, ಯಾರ ಸ್ವಂತ ನಂಬರಿಗೂ ಬೇಡ. ಖಾತೆ ವಿವರ ಶಾಲೆಯ ನೋಟಿಸ್ ಬೋರ್ಡಿನಲ್ಲಿದೆ. ಖರ್ಚಿನ ಬಿಲ್ಲುಗಳನ್ನೂ ಅಲ್ಲೇ ಅಂಟಿಸುತ್ತೇವೆ. ದುಡ್ಡೇ ಆಗಬೇಕೆಂದಿಲ್ಲ. ಒಂದು ಲೋಡ್ ಜಲ್ಲಿ, ನಾಲ್ಕು ಚೀಲ ಸಿಮೆಂಟ್, ಹೂಳು ಸಾಗಿಸಲು ಒಂದು ದಿನ ಟ್ರ್ಯಾಕ್ಟರ್, ಯಾವುದಾದರೂ ಆಗುತ್ತೆ.

ಚಿಕ್ಕವರಿದ್ದಾಗ ಮಳೆ ಕೈಕೊಟ್ಟ ವರ್ಷ ನೀವೂ ಮಣ್ಣಿನ ಮಳೆರಾಯನನ್ನು ಹಲಗೆ ಮೇಲೆ ಹೊತ್ತು ಮನೆ ಮನೆ ತಿರುಗಿದ್ದೀರಿ ಅಲ್ವಾ? ಬಾಗಿಲಿಗೆ ಬಂದವರ ತಲೆ ಮೇಲೆ ಚೊಂಬು ನೀರು ಸುರಿದು, ಮೊರದಲ್ಲಿ ರಾಗಿ ಹಿಟ್ಟು ಹಾಕುತ್ತಿದ್ದರು. ಈ ಮನವಿಯನ್ನೂ ಹಾಗೇ ಅಂದುಕೊಳ್ಳಿ. ನೀರು ಸುರಿಯುವುದೊಂದು ಬೇಡ.

ನಮ್ಮ ಕಡೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ ಮಳೆ ಹೊತ್ತಿಗೆ ಪೈಪು ಕೂತರೆ ಹಸ್ತ, ಚಿತ್ತ ಎರಡೂ ಸಿಗುತ್ತವೆ. ಅದಕ್ಕೇ ಆಗಸ್ಟ್ 15ರ ಒಳಗೆ ತಿಳಿಸಿದರೆ ಒಳ್ಳೆಯದು. ಅವತ್ತು ಧ್ವಜಾರೋಹಣಕ್ಕೆ ಹೇಗೂ ಬರುತ್ತೀರಿ. ಬಂದವರಿಗೆಲ್ಲ ಲೋಟ ತೋರಿಸಲು ಮಕ್ಕಳು ಈಗಲೇ ಕುಂಕುಮ ತೆಗೆದಿಟ್ಟುಕೊಂಡಿದ್ದಾರೆ. ಬಿಳಿ ಅಂಗಿ ಹಾಕಿಕೊಂಡು ಬರುವವರು ಸ್ವಲ್ಪ ಹುಷಾರಾಗಿರಿ.

– ಎಸ್‌ಡಿಎಂಸಿ ಮತ್ತು ಶಿಕ್ಷಕರ ಪರವಾಗಿ, ನಿಮ್ಮೂರ ಶಾಲೆಯ ಟೀಚರ್