ಎರರ್ ಎಣಿಸುವ ಮುನ್ನ
ಗೆಳೆಯರೇ, ಜಪಾನಿನ ಬೇಸ್‌ಬಾಲ್ ಆಟಗಾರ ಅರಾಕಿಯನ್ನು ನೀವು ಬರೀ ಎರರ್ (ಫೀಲ್ಡಿಂಗ್ ತಪ್ಪು) ಲೆಕ್ಕ ಹಿಡಿದು ಕೆಟ್ಟ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಫೀಲ್ಡರ್) ಎಂದು ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ನಗೋಯಾದ ಚುನಿಚಿ ಡ್ರಾಗನ್ಸ್ ತಂಡದಲ್ಲಿ ಮೊದಲು ಅವರದು ಸೆಕೆಂಡ್ ಬೇಸ್, ಜೊತೆಗಾರ ಇಬಾತಾ ಅವರದು ಶಾರ್ಟ್‌ಸ್ಟಾಪ್; 2004ರಿಂದ 2009ರವರೆಗೆ ಆರೂ ವರ್ಷ ಇಬ್ಬರಿಗೂ ಗೋಲ್ಡನ್ ಗ್ಲವ್, ಅಂದರೆ ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ. 2010ರಲ್ಲಿ ಮ್ಯಾನೇಜರ್ ಒಚಿಯಾಯ್ ಇಬ್ಬರ ಜಾಗ ಅದಲುಬದಲು ಮಾಡಿದರು.

ಅರಾಕಿಯ ಎರರ್ ಏರಿದವು, ನಿಜ. ಶಾರ್ಟ್‌ಸ್ಟಾಪ್ ಜಾಗದಿಂದ ಫಸ್ಟ್ ಬೇಸ್‌ಗೆ ಎಸೆತ ಬಹಳ ಉದ್ದ. ಆದರೆ ಚೆಂಡಿನ ಹತ್ತಿರವೇ ಹೋಗಲಾಗದವನಿಗೆ ಎರರ್ ಬೀಳುವುದಿಲ್ಲ, ಸ್ಕೋರರ್ ಅದನ್ನು ಹಿಟ್ (ಬ್ಯಾಟರ್‌ನ ಯಶಸ್ಸು) ಎಂದು ಬರೆಯುತ್ತಾರೆ. ಓಡಿ ಚೆಂಡನ್ನು ತಲುಪಿದವನಿಗೇ ಎರರ್ ಬೀಳುವ ಅಪಾಯ. ಆ ವರ್ಷವೂ ಮರುವರ್ಷವೂ ಜಪಾನಿನ ಎರಡು ವೃತ್ತಿಪರ ಲೀಗ್‌ಗಳಲ್ಲಿ ಒಂದಾದ ಸೆಂಟ್ರಲ್ ಲೀಗ್ ಗೆದ್ದದ್ದು ಡ್ರಾಗನ್ಸೇ!

ಇನ್ನು ಮುಂದೆ ಫೀಲ್ಡರ್ ಬಗ್ಗೆ ಬರೆಯುವಾಗ ದಯವಿಟ್ಟು ಎರರ್ ಜೊತೆಗೆ ಪುಟ್‌ಔಟ್ (ತಾನೇ ಮಾಡಿದ ಔಟ್), ಅಸಿಸ್ಟ್ (ಇನ್ನೊಬ್ಬರು ಔಟ್ ಮಾಡಲು ನೆರವು) ಅಂಕಿಗಳನ್ನೂ ಹಾಕಿ.