ಮಾನ್ಯ ಸಂಸದರೇ, ಲೈಟ್‌ಹೌಸಿನ ಬಾಗಿಲು ನಮ್ಮ ಮಕ್ಕಳಿಗೆ ತೆರೆಸಿಕೊಡಿ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ಕಾಪು ಕಡೆಯವನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಾಲ್ಕು ವರ್ಷ ಅರ್ಜಿ ಬರೆದು ಕೈಸೋತು, ಈಗ ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಕರಾವಳಿಯ ದೀಪಸ್ತಂಭಗಳನ್ನು ಶಾಲಾ ಮಕ್ಕಳಿಗೆ ಶಾಲೆಯ ಹೊತ್ತಿನಲ್ಲೇ ತೆರೆಸಿಕೊಡಿ.

ನಿವೃತ್ತಿಗೆ ಮೂರು ತಿಂಗಳಿದ್ದಾಗ 34 ಮಕ್ಕಳನ್ನು ಒಂದು ದೀಪಸ್ತಂಭಕ್ಕೆ ಕರೆದುಕೊಂಡು ಹೋಗಿದ್ದೆ. ಯಾವುದೆಂದು ಹೇಳುವುದಿಲ್ಲ. ಗೇಟಿನಲ್ಲಿದ್ದವನು ಸಂಬಳಕ್ಕೆ ನಿಂತವನು, ಅವನ ಮೇಲೆ ಸಿಟ್ಟಿಲ್ಲ. ನನ್ನ ಕೈಯಲ್ಲಿ ಸೀಲು ಬಿದ್ದ ಅನುಮತಿ ಪತ್ರವಿತ್ತು. 'ಮೇಲಿನಿಂದ ಆರ್ಡರ್ ಬಂದಿಲ್ಲ' ಅಂದ. ಪತ್ರ ಕೊಟ್ಟ ಕಚೇರಿಗೆ ಏಳು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಎರಡು ಗಂಟೆ ಬಿಸಿಲಲ್ಲಿ ನಿಂತೆವು. ಉಪ್ಪುಗಾಳಿಗೆ ತುಕ್ಕು ಹಿಡಿದ ಬೀಗವನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು, ಬೆರಳೆಲ್ಲ ಕೆಂಪಾಯಿತು. ಟಿಕೆಟಿಗೆಂದು ಮನೆಯಿಂದ ತಂದ ಹತ್ತರ ನೋಟು ಒಬ್ಬಳ ಮುಷ್ಟಿಯಲ್ಲಿ ಬೆವರಿ ಮುದ್ದೆಯಾಗಿತ್ತು. 'ಮೇಲೆ ಹೋಗ್ಲಿಕ್ಕೆ ಇಲ್ವಾ ಮಾಸ್ಟ್ರೇ?' ಎಂದು ಕೇಳಿದಳು. ಮೂವತ್ತೆರಡು ವರ್ಷ ಪಾಠ ಮಾಡಿದವನಿಗೆ ಅವತ್ತು ಬಾಯಿ ಬರಲಿಲ್ಲ.

ಅವಳಿಗೆ ನಾನು ತೋರಿಸಬೇಕೆಂದಿದ್ದದ್ದು ಬರಿಯ ಕಡಲಿನ ನೋಟವಲ್ಲ ಸ್ವಾಮೀ. ಪ್ರತಿ ಲೈಟ್‌ಹೌಸಿಗೂ ತನ್ನದೇ ಮಿಣುಕು ಇದೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿಂಚಿತು ಎಂದು ಎಣಿಸಿದರೆ ಯಾವ ಊರಿನ ದೀಪವೆಂದು ಗೊತ್ತಾಗುತ್ತದೆ. ನನ್ನ ಅಪ್ಪ ನಾಡದೋಣಿಯಲ್ಲಿ ಕಡಲಿಗಿಳಿಯುತ್ತಿದ್ದವರು, ಓದು ಬರಹ ಇಲ್ಲ. ಜಿಪಿಎಸ್ ಇಲ್ಲದ ಆ ಕಾಲದಲ್ಲಿ ಕತ್ತಲಲ್ಲಿ ಬಾಯೆಣಿಕೆ ಹಾಕಿ ಕಾಪು ಎಲ್ಲಿ ಎಂದು ತಿಳಿಯುತ್ತಿದ್ದರು. ಒಂದು ಸಣ್ಣ ದೀಪ ಅಷ್ಟು ದೂರ ಕಾಣುವುದು ಫ್ರೆನೆಲ್ ಮಸೂರದಿಂದ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಗಾಜಿನ ಪಟ್ಟಿಗಳನ್ನು ಬಳೆಬಳೆಯಾಗಿ ಜೋಡಿಸಿ, ಆಚೀಚೆ ಚದುರಿಹೋಗುವ ಬೆಳಕನ್ನು ಬಗ್ಗಿಸಿ ಒಂದೇ ಕಡೆ ಕಳಿಸಿದ. ಆ ಮಸೂರ ಸುತ್ತುವುದರಿಂದಲೇ ದೂರದ ದೋಣಿಯವನಿಗೆ ದೀಪ ಮಿಂಚಿದಂತೆ ಕಾಣುವುದು. ಬೆಳಕಿನ ವಕ್ರೀಭವನವನ್ನು ಕರಿಹಲಗೆಯ ಮೇಲೆ ಗೀಚುವ ಬದಲು ಅಲ್ಲಿ ನಿಲ್ಲಿಸಿ ತೋರಿಸಿದರೆ ಸಾಕಲ್ಲವೇ?

ನಮ್ಮ ಕಾಪು ದೀಪಸ್ತಂಭ 1901ರದ್ದು. ಕಡಲಂಚಿನ ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರಕ್ಕೆ ನಿಂತಿದೆ, ಮಳೆಗಾಲದ ಅಲೆ ಆ ಬಂಡೆಗೆ ಹೊಡೆಯುವ ಸದ್ದು ಕೇಳಿ ಬೆಳೆದವರು ನಾವು. ಕಾರವಾರದೆದುರಿನ ದೇವಗಡ ದ್ವೀಪದ ದೀಪ ಇನ್ನೂ ಹಳೆಯದು, 1864ರದ್ದು. ಇವುಗಳ ಕಥೆಯನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳುವವರು ಬೇಕು.

2021ರ ಕಡಲಯಾನ ನೆರವಿನ ಕಾಯಿದೆ (ಮರೈನ್ ಏಡ್ಸ್ ಟು ನ್ಯಾವಿಗೇಷನ್ ಆಕ್ಟ್) ತಮಗೆ ಗೊತ್ತೇ ಇದೆ. 1927ರ ದೀಪಸ್ತಂಭ ಕಾಯಿದೆಯ ಜಾಗಕ್ಕೆ ಅದನ್ನು ತಂದದ್ದು ತಾವು ಕೂರುವ ಸಂಸತ್ತೇ. ಪಾರಂಪರಿಕ ದೀಪಸ್ತಂಭಗಳನ್ನು ಶಿಕ್ಷಣಕ್ಕೆ, ಸಂಸ್ಕೃತಿಗೆ, ಪ್ರವಾಸಕ್ಕೆ ಬಳಸಬಹುದೆಂದು ಅದರಲ್ಲೇ ಇದೆ. ಶಿಕ್ಷಣ ಎಂದರೆ ಮತ್ತೇನು? ಈ ಕಚೇರಿಯಿಂದ ಆ ಕಚೇರಿಗೆ, ಅಲ್ಲಿಂದ ಮತ್ತೊಂದಕ್ಕೆ ನನ್ನ ಅರ್ಜಿ ಅಲೆದಿದೆ. 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು ಬಿಟ್ಟರೆ ಏನೂ ಬರಲಿಲ್ಲ. ಸಾಕಾಗಿ ಹೋಗಿದೆ ಸಾರ್. ಅವತ್ತು ಐದನೇ ತರಗತಿಯಲ್ಲಿದ್ದವರು ಈಗ ಹೈಸ್ಕೂಲಿನಲ್ಲಿದ್ದಾರೆ. ಇನ್ನೆಷ್ಟು ತರಗತಿ ದಾಟಬೇಕು?

ವಾರಕ್ಕೊಂದು ದಿನ, ಬೆಳಗ್ಗೆ ಎರಡು ಗಂಟೆ ಸಾಕು. ಮಕ್ಕಳನ್ನು ಮೇಲೆ ಹತ್ತಿಸಿ, ದೀಪದ ಬಗ್ಗೆ ಕನ್ನಡದಲ್ಲಿ ಹೇಳಲು ಒಬ್ಬರನ್ನು ನಿಲ್ಲಿಸಿ. ಮಳೆಗಾಲ ಮುಗಿಯುತ್ತಲೇ ಶುರುಮಾಡಿಸಿ. ಮೊದಲ ದಿನ ಆ 34 ಮಕ್ಕಳನ್ನು ನಾನೇ ಕರೆತರುತ್ತೇನೆ, ಹೆಸರುಗಳೆಲ್ಲ ನನ್ನ ಬಳಿ ಬರೆದಿಟ್ಟಿವೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ